ಅನುಮತಿಯಿಲ್ಲದೆ ಗುಣಮುಖರಾದ ಒಳರೋಗಿಯವರ ಬಗ್ಗೆ

ಹೊಸ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ
ಆಡಳಿತ ಶಾಖೆ (ಗೋಡೆಯ ಬಣ್ಣ ಒಣಗುವವರೆಗೆ ಶವಾಗಾರದ ಮುಂಗೋಣೆಯಲ್ಲಿ)

ಸಂಖ್ಯೆ: ಆಶಾ/ಒಳರೋಗಿ-೧/ಒಟ್ಟು-೧

ಸುತ್ತೋಲೆ

ವಿಷಯ: ಏಕೈಕ ಒಳರೋಗಿಯವರು ಗುಣಮುಖರಾಗಿ ಮನೆಗೆ ಹೋಗಿರುವ ಹಾಗೂ ಮಂಚ ಖಾಲಿ ಬಿದ್ದಿರುವ ಬಗ್ಗೆ.

ಉಲ್ಲೇಖ: ಗಂಡನನ್ನು ಮನೆಗೆ ಕಳಿಸಿರೆಂದು ಒಳರೋಗಿಯವರ ಹೆಂಡತಿಯು ಗೇಟಿನ ಬಳಿ ನಿಂತು ಸಲ್ಲಿಸಿದ್ದ ಮೌಖಿಕ ಮನವಿ (ಇಡೀ ಬೀದಿಗೆ ಕೇಳಿಸಿದ್ದು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮಾನ್ಯತೆ ನೀಡುವ ತಪಾಸಣಾ ತಂಡವು ಸೋಮವಾರ ಬರಲಿದ್ದು, ವಾರ್ಡಿನಲ್ಲಿ ಒಬ್ಬ ರೋಗಿಯೂ ಕಾಣದಿದ್ದಲ್ಲಿ ಕಾಲೇಜಿಗೆ ಬೀಗ ಬೀಳುವುದು ಖಚಿತವಿರುತ್ತದೆ. ನಮ್ಮಲ್ಲಿ ಮಂಚಗಳು ವಾರ್ಡು ತುಂಬ ಇದ್ದು, ರೋಗಿ ಮಾತ್ರ ಒಬ್ಬರೇ ಇದ್ದರು. ಅವರು ಹೊಟ್ಟೆನೋವೆಂದು ಬಂದಿದ್ದ ಎದುರು ಬೀದಿಯ ದರ್ಜಿ. ಇಡೀ ತರಗತಿಯು ಅವರ ಹೊಟ್ಟೆಯನ್ನೇ ಒತ್ತಿ ಒತ್ತಿ ವೈದ್ಯಶಾಸ್ತ್ರ ಕಲಿತಿರುತ್ತದೆ. ನೋವು ಬಂದ ಮರುದಿನವೇ ಹೋಗಿದ್ದರೂ, ಶಿಕ್ಷಣದ ಹಿತದೃಷ್ಟಿಯಿಂದ ಅದನ್ನು ಅವರಿಗೆ ತಿಳಿಸಿರಲಿಲ್ಲ.

ಹೀಗಿರುವಲ್ಲಿ, ಇದ್ದದ್ದನ್ನು ಇದ್ದಂತೆ ಹೇಳುವ ಚಾಳಿಯಿಂದಾಗಿ ‘ನೇರಕ್ಕ’ ಎಂದೇ ಕರೆಯಲ್ಪಡುವ ವಿದ್ಯಾರ್ಥಿನಿಯು ಕಳೆದ ವಾರ ರೋಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಏನಾಗುತ್ತಿದೆಯೆಂದು ರೋಗಿಯನ್ನೇ ಕೇಳಿರುತ್ತಾರೆ. ಇದು ಮುಂದಿನ ವರ್ಷದ ಪಾಠ. ಏನೂ ಆಗುತ್ತಿಲ್ಲ, ಅಂಗಡಿಯಲ್ಲಿ ಹೆಂಡತಿ ಒಬ್ಬಳೇ ಒದ್ದಾಡುತ್ತಿದ್ದಾಳೆ ಎಂದು ದರ್ಜಿ ಹೇಳಲಾಗಿ, ವಿದ್ಯಾರ್ಥಿನಿಯು “ನಿಮಗೇನೂ ಆಗಿಲ್ಲ ತಾತ. ನನ್ನ ಕೋಟು ಹಾಕ್ಕೊಂಡು ಆರಾಮಾಗಿ ಮನೆಗೆ ಹೋಗಿ” ಎಂದಿರುತ್ತಾರೆ. ಬಿಳಿ ಕೋಟು ಕಂಡರೆ ಸಲ್ಯೂಟ್ ಹೊಡೆಯಬೇಕೆಂಬ ಆದೇಶವಿದ್ದ ಕಾರಣ ವಾಚ್‌ಮನ್ ಎದ್ದು ನಿಂತು ಸಲ್ಯೂಟ್ ಹೊಡೆದು ಗೇಟು ತೆರೆದಿದ್ದಾರೆ. ಅಂದಿನಿಂದ ಈ ಕಚೇರಿಯ ತಲೆ ಕೆಟ್ಟುಹೋಗಿರುವುದನ್ನು ಎಲ್ಲರ ಗಮನಕ್ಕೆ ತರುತ್ತಾ, ಕೆಳಕಂಡಂತೆ ಆದೇಶಿಸಲಾಗಿದೆ:

೧. ಲಿಖಿತ ಪೂರ್ವಾನುಮತಿಯಿಲ್ಲದೆ ಯಾವುದೇ ಒಳರೋಗಿಯು ಗುಣಮುಖರಾಗತಕ್ಕದ್ದಲ್ಲ. ಕೈಮೀರಿ ಗುಣವಾದಲ್ಲಿ ಬಾಯಿ ಮುಚ್ಚಿಕೊಂಡು ನರಳತಕ್ಕದ್ದು.

೨. ಈಗಾಗಲೇ ಮೌಖಿಕವಾಗಿ ತಿಳಿಸಿದಂತೆ, ವಾಚ್‌ಮನ್ ಅವರು ಕೋಟಿಗೆ ಸಲ್ಯೂಟ್ ಹೊಡೆಯುವ ಮುನ್ನ ಅದರೊಳಗೆ ಯಾರಿದ್ದಾರೆಂದು ನೋಡುವುದು. ಪ್ರಾಂಶುಪಾಲರು ಇದ್ದಲ್ಲಿ ನೋಡಕೂಡದು.

೩. ತೆರವಾದ ಮಂಚಕ್ಕೆ ನೇರಕ್ಕನವರನ್ನೇ ಒಳರೋಗಿಯಾಗಿ ನೇಮಿಸಿ, ಹೊಟ್ಟೆನೋವು ಮಂಜೂರು ಮಾಡಿದ್ದನ್ನು ಸ್ಥಿರೀಕರಿಸಲಾಗಿದೆ. ರೋಗಿಯಾದ್ದರಿಂದ ಅವರಿಗೆ ತರಗತಿಯ ಹಾಜರಾತಿ ಇರುವುದಿಲ್ಲ. ವಿದ್ಯಾರ್ಥಿನಿಯಾದ್ದರಿಂದ ರೋಗಿಯ ಊಟ ಇರುವುದಿಲ್ಲ.

೪. ಆದರೆ ಸದರಿಯವರು ನಿನ್ನೆ ಮಂಜೂರಾತಿಯನ್ನು ಮೀರಿ, ಹೊಟ್ಟೆಯ ಬಲಗಡೆ ನಿಜವಾದ ನೋವನ್ನೂ ಜ್ವರವನ್ನೂ ತಂದುಕೊಂಡಿದ್ದು, ಇದು ನೇಮಕಾತಿ ಷರತ್ತಿನ ಸ್ಪಷ್ಟ ಉಲ್ಲಂಘನೆ. ಸಹಪಾಠಿಗಳೆಲ್ಲ ಒಕ್ಕೊರಲಿನಿಂದ ಅಪೆಂಡಿಕ್ಸ್ ಎಂದಿದ್ದು, ಇದು ಕಾಲೇಜಿನ ಮೊಟ್ಟಮೊದಲ ಸರಿಯಾದ ರೋಗನಿರ್ಣಯವಾದ್ದರಿಂದ ಮೆಚ್ಚುಗೆ ಸೂಚಿಸಲಾಗಿದೆ.

೫. ಆಪರೇಷನ್ ಕೊಠಡಿಯ ಬಾಗಿಲಿನ ಉದ್ಘಾಟನಾ ಟೇಪನ್ನು ಗಣ್ಯರು ಇನ್ನೂ ಕತ್ತರಿಸದ ಕಾರಣ, ಒಳಗೆ ಬೇರೇನನ್ನೂ ಕತ್ತರಿಸುವಂತಿಲ್ಲ. ತಪಾಸಣೆ ಮುಗಿಯುವವರೆಗೆ ಅಪೆಂಡಿಕ್ಸ್ ಒಡೆಯದಂತೆ ನೋಡಿಕೊಳ್ಳಲು ವಿದ್ಯಾರ್ಥಿನಿಗೆ ಸೂಚಿಸಲಾಗಿತ್ತು. “ಸಾರ್, ತಡ್ಕೊಳ್ಳೋಕೆ ಆಗ್ತಿಲ್ಲ” ಎಂಬ ಅವರ ಉತ್ತರವು ಸಮಾಧಾನಕರವಾಗಿರುವುದಿಲ್ಲ.

೬. ಇಂದು ಬೆಳಗ್ಗೆ, ಒಗೆದು ಇಸ್ತ್ರಿ ಮಾಡಿದ ಅದೇ ಕೋಟು ತೊಟ್ಟು ಅದನ್ನು ಹಿಂದಿರುಗಿಸಲು ಬಂದ ದರ್ಜಿಯವರು ವಿದ್ಯಾರ್ಥಿನಿಯ ಮುಖ ನೋಡಿ, ಯಾರನ್ನೂ ಕೇಳದೆ, ಹೆಂಡತಿಯನ್ನು ಕೂಗಿ ಕರೆದು, ಇಬ್ಬರೂ ಸೇರಿ ಆಕೆಯನ್ನು ಎತ್ತಿಕೊಂಡು ಆಟೋದಲ್ಲಿ ಊರಿನ ಹಳೆ ಆಸ್ಪತ್ರೆಗೆ ಸಾಗಿಸಿರುತ್ತಾರೆ. ಅಲ್ಲಿ ಕೂಡಲೇ ಆಪರೇಷನ್ ನಡೆದಿದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಹುಡುಗಿ ಕೈಬಿಟ್ಟು ಹೋಗುತ್ತಿದ್ದಳೆಂದು ಅಲ್ಲಿನ ವೈದ್ಯರು ಹೇಳಿದ್ದು, ಅದು ಅವರ ವೈಯಕ್ತಿಕ ಅಭಿಪ್ರಾಯವಾಗಿರುತ್ತದೆ.

೭. ಈ ಬಾರಿ ಕೋಟಿನೊಳಗೆ ಯಾರಿದ್ದಾರೆಂದು ಚೆನ್ನಾಗಿ ನೋಡಿಯೇ ಸಲ್ಯೂಟ್ ಹೊಡೆದಿರುವುದಾಗಿ ವಾಚ್‌ಮನ್ ತಿಳಿಸಿದ್ದು, ಅವರಿಂದ ವಿವರಣೆ ಕೇಳಲಾಗಿದೆ.

ಮಂಚವು ಮತ್ತೆ ಖಾಲಿ ಇರುತ್ತದೆ.

ಸಹಿ/-
ಆಡಳಿತಾಧಿಕಾರಿ
(ವೈದ್ಯಕೀಯ ಅಧೀಕ್ಷಕರ ಪರವಾಗಿ, ಆ ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ)

ಪ್ರತಿಗಳು:
೧. ಸೂಚನಾ ಫಲಕಕ್ಕೆ, ಫಲಕ ಬಂದ ನಂತರ.
೨. ವಾಚ್‌ಮನ್ ಅವರಿಗೆ, ನಿಂತೇ ಓದಿಕೊಳ್ಳಲು.
೩. ದರ್ಜಿಯವರ ಹೆಂಡತಿಗೆ, ಇನ್ನಾದರೂ ಗೇಟಿನ ಬಳಿ ಕೂಗಬಾರದೆಂಬ ವಿನಂತಿಯೊಂದಿಗೆ.
೪. ಹಳೆ ಆಸ್ಪತ್ರೆಯ ಮುಖ್ಯಸ್ಥರಿಗೆ, ನಮ್ಮ ಒಳರೋಗಿಯನ್ನು ಪೂರ್ತಿ ಗುಣವಾಗುವ ಮುನ್ನವೇ, ಸೋಮವಾರ ಬೆಳಗ್ಗೆಯೊಳಗೆ, ಹೊಲಿಗೆ ಬಿಚ್ಚದೆ ಹಿಂದಿರುಗಿಸುವಂತೆ ಕೋರಿ. ಹೊಲಿಗೆ ಬಿಚ್ಚುವುದನ್ನು ನಮ್ಮ ವಿದ್ಯಾರ್ಥಿಗಳು ಇನ್ನೂ ಕಲಿಯಬೇಕಾಗಿರುತ್ತದೆ.