ಹಕ್ಕಿಗಳ ಬಾಣಂತನ

ಓಮ, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿಯುವ ವಾಸನೆ ಬಂದರೆ ಆತ್ರೇಯನಿಗೆ ಚಿಕ್ಕಂದಿನಲ್ಲಿ ಕಂಡ ಅಕ್ಕನ ಬಾಣಂತಿ ಕೋಣೆ ನೆನಪಾಗುತ್ತದೆ. ಆ ಶನಿವಾರ ಬೆಳಿಗ್ಗೆ ಅದೇ ವಾಸನೆ ಕೆಳಮನೆ ಅಂಬುಜಮ್ಮನವರ ಅಡುಗೆಮನೆಯಿಂದ ಮಹಡಿ ಹತ್ತಿ ಬಂತು. ಯಾರಿಗೋ ಮಗುವಾಗಿದೆ ಎಂದುಕೊಂಡ. ಆಗಿರುವುದು ತನಗೇ ಎಂದು ಗೊತ್ತಿರಲಿಲ್ಲ.

ನಲವತ್ತು ದಾಟಿದ ಬ್ರಹ್ಮಚಾರಿ. ಹಿಂದಿನ ದಿನ ಅಂಬುಜಮ್ಮ ಎಲ್ಲಿಗೆ ಪ್ರಯಾಣ ಎಂದಾಗ, "ಕಾರವಾರದ ಹತ್ರ ಒಂದು ದ್ವೀಪಕ್ಕಮ್ಮ. ಕಡಲಹಕ್ಕಿಗಳು ಮರಿ ಮಾಡಿವೆ, ಬಾಣಂತನ ನೋಡ್ಕೊಂಡು ಬರ್ತೀನಿ" ಎಂದಿದ್ದ. ಮಿಕ್ಸಿ ಸದ್ದಿಗೆ ಹಕ್ಕಿಗಳೆಲ್ಲ ಹಾರಿಹೋಗಿ, ಅವರ ಕಿವಿಯಲ್ಲಿ ಬಾಣಂತನ ಒಂದೇ ಉಳಿಯಿತು.

ಅವನು ಹೇಳದ ಸಂಗತಿಯೂ ಒಂದಿತ್ತು. ದ್ವೀಪಕ್ಕೆ ಹೊರಟ ಹಕ್ಕಿ ನೋಡುವವರ ತಂಡದಲ್ಲಿ ಲೈಬ್ರರಿಯ ಕೋಕಿಲಾ ಕೂಡ ಇದ್ದಳು. ಬಸ್ಸಿನಲ್ಲಿ ಪಕ್ಕದ ಸೀಟು, ದ್ವೀಪದಲ್ಲಿ ಮದುವೆಯ ಮಾತು. ಎರಡು ವರ್ಷದ ಧೈರ್ಯ ಕೂಡಿಟ್ಟಿದ್ದ.

ಗೇಟಿನಲ್ಲೇ ಎದುರುಮನೆ ನಂಜುಂಡಯ್ಯ ತಡೆದರು. "ಗುಟ್ಟಾಗಿ ಮದುವೆ ಮಾಡ್ಕೊಂಡ್ರಿ, ಹೋಗ್ಲಿ. ಏನು ಮಗು?"

"ಸಾರ್, ಹಕ್ಕಿ ಸಾರ್."

"ಹೆಣ್ಣು ಅನ್ನಿ. ಮನೆಗೆ ಲಕ್ಷ್ಮಿ ಬಂದಳು."

ಸಂಜೆ ಸಂಪಿಗೆ ರಸ್ತೆಯಲ್ಲಿ ಬಸ್ಸು ಹತ್ತುವಾಗ ಅಂಬುಜಮ್ಮ ಆಟೋದಲ್ಲಿ ಬಂದಿಳಿದರು. ಅಂಟಿನುಂಡೆಯ ಡಬ್ಬಿ, ಮೇಲೊಂದು ಪುಟ್ಟ ಕುಲಾವಿ. ಪಕ್ಕದಲ್ಲಿದ್ದ ಕೋಕಿಲಾಗೆ, "ನೀನಾದ್ರೂ ಹೇಳಮ್ಮ, ಹಸೀ ಬಾಣಂತೀನ ಅಷ್ಟು ದೂರ ಇಟ್ಟಿದಾರೆ" ಎಂದರು.

"ನಿಮಗೆ ಮದ್ವೆ ಆಗಿರೋದೇ ಗೊತ್ತಿರ್ಲಿಲ್ಲ ಸರ್" ಎಂದ ಕೋಕಿಲಾ ಹಿಂದಿನ ಸೀಟಿಗೆ, ತಂಡದ ಶಶಿಕಿರಣನ ಪಕ್ಕಕ್ಕೆ ಹೋದಳು. ಆತ್ರೇಯ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಹಿಂದೆ ಕೂತ. ದ್ವೀಪದಲ್ಲಿ ಹಕ್ಕಿಗಳೇ ಸಾಕ್ಷಿ ಹೇಳಲಿ ಎಂದು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಮರುದಿನ ಬಂಡೆಗಳ ಮೇಲೆ ರೀವ ಎಂಬ ಕಡಲಹಕ್ಕಿಗಳು ಅಕ್ಷತೆ ಚೆಲ್ಲಿದಂತೆ ಕೂತಿದ್ದವು. ಕಾವಲುಗಾರರು ಕಟ್ಟಿದ್ದ ಹಗ್ಗದಾಚೆ ಒಂದು ತಾಯಿ ಮರಿಯ ಮೇಲೆ ರೆಕ್ಕೆ ಬಿಚ್ಚಿ ನೆರಳು ಹಿಡಿದಿತ್ತು. "ನಾನು ಹೇಳಿದ್ದು ಈ ಬಾಣಂತನ ಕಣ್ರೀ" ಎಂದು ಆತ್ರೇಯ ಮಿಕ್ಸಿಯಿಂದ ಕುಲಾವಿವರೆಗೆ ಎಲ್ಲ ಹೇಳಿದ.

ಕೋಕಿಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದ್ರೆ ಆ ಅಮ್ಮನಿಗೆ ನಾನೊಂದು ಸೀರೆ ಕೊಡ್ಬೇಕು."

ಆತ್ರೇಯ ಆಸೆಯಿಂದ ಹತ್ತಿರ ಸರಿದ. "ಯಾಕೆ?"

"ಅವರಿಂದಾನೇ ಹಿಂದೆ ಹೋಗಿ ಕೂತಿದ್ದು. ಶಶಿಕಿರಣ್ ಮೂರು ವರ್ಷದಿಂದ ಕೇಳಬೇಕು ಅಂತಿದ್ರಂತೆ, ತುಮಕೂರು ದಾಟೋದ್ರೊಳಗೆ ಕೇಳಿದ್ರು. ಹೂಂ ಅಂದೆ."

ಆತ್ರೇಯ ದುರ್ಬೀನನ್ನು ಕಣ್ಣಿಗೇರಿಸಿ ಬಹಳ ಹೊತ್ತು ಬರೀ ಸಮುದ್ರ ನೋಡಿದ. ಊಟದ ಹೊತ್ತಾಯಿತು. ಶಶಿಕಿರಣ್ ಬಂದು ಪಕ್ಕದಲ್ಲಿ ಕೂತ. ಬಾಳೆಲೆಯ ಪೊಟ್ಟಣ ಬಿಚ್ಚಿ, ಪುಳಿಯೋಗರೆಯ ದೊಡ್ಡ ಪಾಲನ್ನು ಅವನ ಕೈಗಿಟ್ಟ.