ಮೂರನೇ ಮಹಡಿಯ ಫೈರ್ ಇಂಜಿನ್

ಸುಮ್ಮನೆ ಕೂರಲು ಬಾರದವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನನಗಂತೂ ಫೈರ್ ಇಂಜಿನ್ ಮಾಡಲು ಕೂತ ವರ್ಷವಿಡೀ ಇದೇ ಆಯಿತು.

ಠಾಣೆಯ ನಮ್ಮ ಕಾರ್ಖಾನೆ ಬಾಗಿಲು ಹಾಕಿದಾಗ ಅಲ್ಲಿನ ಹಳೇ ಫೈರ್ ಇಂಜಿನ್ ಗುಜರಿಗೆ ಹೋಯಿತು. ಹಿತ್ತಾಳೆಯ ಗಂಟೆ, ಮರದ ಏಣಿ, ಕೈಯಲ್ಲಿ ಒರೆಸಿ ಒರೆಸಿ ಕನ್ನಡಿಯಾಗಿದ್ದ ಕೆಂಪು ಬಣ್ಣ. ಅದನ್ನು ಎಳೆದೊಯ್ದ ದಿನ ನಮ್ಮ ಫೈರ್ ಆಫೀಸರ್ ಗೇಟಿನ ಹತ್ತಿರವೂ ಬರಲಿಲ್ಲ. ಬೆಳಗಾವಿ ಕಡೆಯವರು, ಗಟ್ಟಿ ಮನುಷ್ಯ. ಅವರಿಗೆ ನೋಡಲಾಗಲಿಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಹಳೇ ಕೆಲಸಗಾರರು ವರ್ಷಕ್ಕೊಮ್ಮೆ ಠಾಣೆಯ ಕೋಪರಿಯಲ್ಲಿ ಸೇರಿ ಊಟ ಮಾಡುತ್ತೇವೆ. ಅಂಥ ಒಂದು ಊಟದಲ್ಲಿ, ಡ್ರಾಯಿಂಗ್ ಆಫೀಸಿನಲ್ಲಿದ್ದ ನಾನು ಎಲ್ಲರೆದುರು ಬಾಯಿಬಿಟ್ಟೆ: "ಆ ಗಾಡಿಯ ಮಾಡೆಲ್ ಮಾಡ್ತೇನೆ. ಅಡಿಗೆ ಒಂದಿಂಚಿನ ಅಳತೆ. ಅಂಗಡಿಯ ಒಂದು ಪಾರ್ಟೂ ಇಲ್ಲ, ಎಲ್ಲ ಕೈಯಲ್ಲೇ."

ಆಫೀಸರ್ ಎಲೆಯಿಂದ ತಲೆ ಎತ್ತಿದರು. "ಮಾಡ್ಕೊಂಡು ಬರ್ರಿ. ಆಟದ ಸಾಮಾನು ತಂದ್ರ ಮಾತ್ರ ನಾ ನೋಡೂದಿಲ್ಲ ಮತ್ತ."

ಅಂದಿನಿಂದ ನನಗೆ ಒಂದೇ ಹೆದರಿಕೆ: ಅವರು ಅದನ್ನು ಆಟದ ಸಾಮಾನು ಅಂದುಬಿಟ್ಟರೆ?

ಗುಜರಿಯವನ ಪ್ರಶ್ನೆ

ಗಾಡಿ ವಿಠ್ಠಲವಾಡಿಯ ಒಂದು ಗುಜರಿ ಅಂಗಳದಲ್ಲಿ ನಿಂತಿದೆ ಅಂತ ಪತ್ತೆಯಾಯಿತು. ಇನ್ನೂ ಒಡೆದಿರಲಿಲ್ಲ. ಜೀವ ಬಂದಂತಾಯಿತು. ಫೋನಿನಲ್ಲಿ ಫೋಟೋ ತೆಗೆಯುವ ಕಾಲ ಇನ್ನೂ ನನ್ನ ತನಕ ಬಂದಿರಲಿಲ್ಲವಾದ್ದರಿಂದ, ಭಾನುವಾರಗಳಲ್ಲಿ ಟೇಪು ಹಿಡಿದು ಹೋಗಿ, ಗಾಡಿಯ ಅಡಿಯಲ್ಲಿ ಮಲಗಿ, ಸ್ಪ್ರಿಂಗಿನ ಪಟ್ಟಿಗಳನ್ನೂ ಬಿಡದೆ ಅಳೆದುಕೊಂಡು ಬರುತ್ತಿದ್ದೆ.

ಗುಜರಿಯವನು ಕೆಲವು ವಾರ ನೋಡಿದ. ಕೊನೆಗೆ ತಡೆಯಲಾರದೆ, ಕೊಳ್ಳುವುದಿದೆಯಾ ಅಂತ ಬಗ್ಗಿ ಕೇಳಿದ: "ಸಾಬ್, ಲೇನಾ ಹೈ ಕ್ಯಾ?"

"ನಹೀಂ. ಐಸಾಹೀ ಏಕ್ ಘರ್ ಪೇ ಬನಾ ರಹಾ ಹೂಂ." ಇಂಥದ್ದೇ ಒಂದನ್ನು ಮನೆಯಲ್ಲಿ ಮಾಡುತ್ತಿದ್ದೇನೆ ಅಂದೆ.

"ಘರ್ ಪೇ? ಕಹಾಂ?"

"ಡೊಂಬಿವಲಿ. ತೀಸ್ರಾ ಮಾಲಾ." ಮೂರನೇ ಮಹಡಿ.

ಅವನು ಗಾಡಿಯನ್ನು ಮೂತಿಯಿಂದ ಏಣಿಯ ತುದಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಲಿಫ್ಟ್ ಹೈ?"

ಸೂಜಿ

ಪಂಪಿಗೆ ಸಣ್ಣ ಸಣ್ಣ ಉಕ್ಕಿನ ಕೊಳವೆಗಳು ಬೇಕಿದ್ದವು. ಇಂಜೆಕ್ಷನ್ ಸೂಜಿಗಿಂತ ಒಳ್ಳೆಯದು ಯಾವುದಿದೆ? ಠಾಕುರ್ಲಿ ರಸ್ತೆಯ ಮೆಡಿಕಲ್ ಅಂಗಡಿಗೆ ಹೋಗಿ, "ಔಷಧ ಬೇಡ, ಸೂಜಿ ಮಾತ್ರ ಕೊಡಿ, ದಪ್ಪದ್ದು, ಸಣ್ಣದ್ದು ಎರಡೂ" ಅಂತ ಹಿಂದಿಯಲ್ಲಿ ಕೇಳಿದೆ. ಅಂಗಡಿಯವ ನನ್ನ ತುಂಬು ತೋಳಿನ ಶರ್ಟನ್ನು ದಿಟ್ಟಿಸಿ, "ಖತಮ್ ಹೋ ಗಯಾ" ಅಂದುಬಿಟ್ಟ.

ಸಂಜೆ ನನ್ನ ಹೆಂಡತಿ ಬಿಪಿ ಮಾತ್ರೆಗೆ ಅಲ್ಲಿಗೇ ಹೋದಳು. ಅವನು ದನಿ ತಗ್ಗಿಸಿ ಕೇಳಿದನಂತೆ: "ಭಾಭೀ, ಘರ್ ಮೇ ಸಬ್ ಠೀಕ್ ಹೈ ನಾ? ಸಾಹೇಬ್?"

ಇವಳಿಗೂ ಹೇಳಿಕೊಳ್ಳಲು ಯಾರಾದರೂ ಬೇಕಿತ್ತು. "ಎಂತ ಠೀಕು ಮಾರಾಯ್ರೆ!" ಅಂತ ಕನ್ನಡದಲ್ಲೇ ಶುರುಮಾಡಿ ಹಿಂದಿಗೆ ಇಳಿದಳಂತೆ. ಇಡೀ ದಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಊಟದ ನೆನಪಿಲ್ಲ, ಕಣ್ಣು ಕೆಂಪು, ಮೈಯೆಲ್ಲ ಥಿನ್ನರ್ ವಾಸನೆ, ಮಾತಾಡಿಸಿದರೆ ರೇಗುತ್ತಾರೆ.

"ಕಬ್ ಸೇ?" ಯಾವಾಗಿನಿಂದ ಅಂತ ಅವನು.

"ಫ್ಯಾಕ್ಟರಿ ಬಂದ್ ಹುವಾ, ತಬ್ ಸೇ."

ಮರುದಿನ ನಾನು ಅರ್ಧ ಮುಗಿದ ಪಂಪನ್ನೇ ಎತ್ತಿಕೊಂಡು ಹೋಗಿ ಕೌಂಟರಿನ ಮೇಲಿಟ್ಟೆ. ಅಂಗಡಿಯವ ಕನ್ನಡಕ ಹಾಕಿಕೊಂಡು ನೋಡಿದ, ಚಕ್ರ ತಿರುಗಿಸಿದ, ಮನಸಾರೆ ನಕ್ಕ. ಸೂಜಿಗಳೂ ಸಿಕ್ಕವು. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಒಳಗೆ ವ್ಯಸನಮುಕ್ತಿ ಶಿಬಿರದ ಒಂದು ಕರಪತ್ರವೂ ಇತ್ತು, ಯಾವುದಕ್ಕೂ ಇರಲಿ ಅಂತ.

ಆಯುಧಪೂಜೆ

ನವರಾತ್ರಿಗೆ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿತು. ಪೆನ್ನಿನ ರೀಫಿಲ್ ಕತ್ತರಿಸಿ ಚಕ್ರಗಳ ಅಚ್ಚಿಗೆ ಹಾಕಿದ್ದೆ, ಊದಿದರೆ ಉರುಳುತ್ತಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಮಿಕ್ಸಿ, ಹೊಲಿಗೆ ಯಂತ್ರ, ಸ್ಕೂಟರ್ ಎಲ್ಲಕ್ಕೂ ಪೂಜೆ ಮುಗಿಸಿ ತಟ್ಟೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಬಣ್ಣ ಇನ್ನೂ ಹಸಿ. ನಾನು "ಹೇ, ಹೇ" ಅನ್ನುವಷ್ಟರಲ್ಲಿ ಮೂತಿಗೆ ಕುಂಕುಮ ಬಿತ್ತು. ಪುಣ್ಯಕ್ಕೆ ಕೆಂಪಿನ ಮೇಲೆ ಕೆಂಪು, ಯಾರಿಗೂ ಕಾಣುವಂತಿರಲಿಲ್ಲ. ಆಮೇಲೆ ಚಕ್ರದಡಿ ಇಡಲು ನಿಂಬೆಹಣ್ಣು ಎತ್ತಿದಳು.

"ನಿಲ್ಲು! ಅಳತೆ ಪ್ರಕಾರ ಅದು ಮೊಣಕಾಲೆತ್ತರದ ಬಂಡೆ. ನನ್ನ ಆಕ್ಸಲ್ ಮುರೀತದೆ."

"ಗಾಡಿ ಹೌದೋ ಅಲ್ಲವೋ?"

"ಹೌದು."

"ಮತ್ತೆ ನಿಂಬೆಹಣ್ಣಿಲ್ಲದೆ ಹೇಗೆ ಹೊರಡ್ತದೆ? ಅಳತೆ ತಾನೇ ನಿಮ್ಮ ತಕರಾರು, ಕೊಡ್ತೇನೆ ಅಳತೆ" ಅಂತ ಒಳಗೆ ಹೋಗಿ ನಾಲ್ಕು ಹಸಿ ಬಟಾಣಿ ತಂದು ಚಕ್ರಕ್ಕೊಂದರಂತೆ ಇಟ್ಟಳು. ಗಾಡಿ ಅವುಗಳ ಮೇಲೆ ಹಾಯಿತು, ಒಂದೂ ಜಜ್ಜಿಹೋಗಲಿಲ್ಲ. ಮಧ್ಯಾಹ್ನ ಅವು ಪಲಾವಿಗೆ ಹೋದವು.

ಮೆಗಾಬ್ಲಾಕಿನ ಭಾನುವಾರ

ಊಟದ ದಿನ ಬಂತು. ರಿಕ್ಷಾದಲ್ಲಿ ಒಯ್ದರೆ ಹೊಂಡಗಳಿಗೆ ಏಣಿ ಮುರಿಯುತ್ತದೆ, ಲೋಕಲ್ ರೈಲೇ ಗತಿ. ಅವತ್ತೇ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಅರ್ಧಕ್ಕರ್ಧ ರೈಲು ಬಂದ್, ಬಂದ ಒಂದೇ ರೈಲಿಗೆ ಇಡೀ ಡೊಂಬಿವಲಿ ಕಾಯುತ್ತಿತ್ತು. ಹೆಂಡತಿ ಲೇಡೀಸ್ ಡಬ್ಬಿಗೆ ಹೋದಳು. ನಾನು ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿಕೊಂಡು, ಎಲ್ಲ ಮುಗಿಯಿತು ಅಂದುಕೊಂಡೇ ಜನರ ಮಧ್ಯೆ ನುಗ್ಗಿದೆ.

ಬಾಗಿಲಲ್ಲಿ ಜೋತಿದ್ದ ಒಬ್ಬ ಇಣುಕಿ ನೋಡಿ ಕೂಗಿದ: "ಅರೇ, ಫೈರ್ ಬ್ರಿಗೇಡ್! ಸೈಡ್ ದ್ಯಾ, ಸೈಡ್ ದ್ಯಾ!"

ಮುದುಕರಿಗೂ ಜಾಗ ಬಿಡದ ಆ ಜನ ದಾರಿ ಬಿಟ್ಟರು. ಯಾರೋ ಕಿಟಕಿ ಸೀಟಿನಿಂದ ಎದ್ದರು. ನಾನು ಧನ್ಯವಾದ ಹೇಳಿ ಕೂರಲು ಹೋದರೆ, "ತುಮ್ಹೀ ನಾಹೀ, ಗಾಡಿ" ಅಂತ ತಡೆದು ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದರು. ಠಾಣೆಯ ತನಕ ಗಾಡಿ ಗಾಳಿ ತೆಗೆದುಕೊಂಡಿತು, ನಾನು ಒಂಟಿಕಾಲಲ್ಲಿ ನಿಂತೆ. ಆದರೂ ಮನಸ್ಸು ಹಗುರವಾಗಿತ್ತು.

ಮುಂದಿನ ವಾರ ಆಸೆಗೆ ಬಿದ್ದು ಅದೇ ಪೆಟ್ಟಿಗೆಯನ್ನು ಖಾಲಿ ಹೊತ್ತುಕೊಂಡು ಹತ್ತಿದೆ. ಒಬ್ಬ ಒಳಗೆ ಇಣುಕಿದ, ಏನೂ ಇಲ್ಲವೆಂದು ಕಂಡು ತನ್ನ ಬ್ಯಾಗನ್ನು ಅದರೊಳಗಿಟ್ಟ.

ತಪಾಸಣೆ

ಕೋಪರಿಯ ಹಾಲ್‌ನಲ್ಲಿ ಊಟದ ಉದ್ದ ಮೇಜಿನ ಒಂದು ತುದಿಗೆ ಹಲಗೆ ಇಟ್ಟು ಅದರ ಮೇಲೆ ಗಾಡಿ ನಿಲ್ಲಿಸಿದೆ. ಹೆಂಡತಿ ಮೇಜಿನ ಇನ್ನೊಂದು ತುದಿಗೆ ಜಿಲೇಬಿ ಹಾಕಿಸಿಕೊಳ್ಳುತ್ತಿದ್ದಳು. ಎಲ್ಲರೂ ಸುತ್ತ ನೆರೆದರು.

ಫೈರ್ ಆಫೀಸರ್ ಬಂದರು. ಬಗ್ಗಿ ಪಂಪು ನೋಡಿದರು. ಏಣಿಯ ಮೆಟ್ಟಿಲು ಎಣಿಸಿದರು. ಬೆರಳಿಂದ ಗಂಟೆ ಮುಟ್ಟಿದರು.

"ಎಲ್ಲಾ ಬರೋಬರಿ ಐತಿ," ಅಂದರು. ನಾನು ಉಸಿರು ಬಿಡುವಷ್ಟರಲ್ಲಿ, "ನಿಲ್ಲಿಸಿದ್ದು ತಪ್ಪ ಐತಿ."

"ಹೇಗೆ ಸಾಹೇಬ್ರೇ?"

"ನಮ್ಮ ಗಾಡಿ ಸಪಾಟ್ ಜಾಗಾದಾಗ ಯಾವಾಗ ನಿಂತಿತ್ರೀ? ಅದರ ಬ್ಯಾಟರಿ ಮ್ಯಾಲೆ ಯಾರಿಗೆ ನಂಬಿಕಿ ಇತ್ತು? ಇಳುಕಲಿಗೇ ನಿಲ್ಲಸ್ತಿದ್ವಿ. ಅಷ್ಟಾದ್ರೂ ಬೆಂಕಿ ಬಿದ್ದಾಗೆಲ್ಲಾ ಆರು ಮಂದಿ ಹಿಂದಿಂದ ನೂಕಬೇಕಿತ್ತು."

ಹೌದಲ್ಲ! ಎಲ್ಲರೂ ಗೊಳ್ಳೆಂದರು. ನೂಕಿದವರೇ ಅಲ್ಲಿ ನಾಲ್ಕು ಜನ ಇದ್ದರು. ಆಫೀಸರ್ ಮಾತ್ರ ನಗಲಿಲ್ಲ. ಊಟದ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಹಲಗೆಯ ಹಿಂಭಾಗದ ಅಡಿಗೆ ತಳ್ಳಿದರು. "ಈಗ ನೋಡ್ರಿ, ಹಿಂಗ ನಿಂತ್ರ..."

ನಿಲ್ಲಲಿಲ್ಲ. ಗಾಡಿ ಹಲಗೆ ಇಳಿಯಿತು. ಮೇಜಿನ ಹೊದಿಕೆಯ ಮೇಲೆ ನೀರಿನ ಲೋಟಗಳ ಮಧ್ಯೆ ನೇರ ದಾರಿ ಹಿಡಿಯಿತು. ಒಂದು ವರ್ಷ, ಒಂದು ವರ್ಷ, ಅಂತಷ್ಟೇ ತಲೆಯಲ್ಲಿ. ಜಿಲೇಬಿ ತಟ್ಟೆಯ ಪಕ್ಕದಲ್ಲೇ ಹಾದು ಗಾಡಿ ಅಂಚು ದಾಟಿತು.

ಅಲ್ಲಿ ನನ್ನ ಹೆಂಡತಿ ಜಿಲೇಬಿ ಕೈಬಿಟ್ಟು ಸೆರಗು ಒಡ್ಡಿದ್ದಳು. ಗಾಡಿ ಮೆತ್ತಗೆ ಅದರೊಳಗೆ ಬಿತ್ತು. ಗಂಟೆ ಒಮ್ಮೆ ಠಣ್ ಅಂತು. ಒಂದು ಮೆಟ್ಟಿಲೂ ಮುರಿದಿರಲಿಲ್ಲ.

ಆಫೀಸರ್ ಕೈಯಲ್ಲಿ ಇನ್ನೊಂದು ತಟ್ಟೆ ಹಿಡಿದೇ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗು.

"ಏನ್ ಗಾಡಿ ಮಾಡೀರಿ ಮಾರಾಯ್ರ! ಇಷ್ಟ ವರ್ಷದಾಗ ಮೊದಲನೇ ಸಲ ನೂಕದ ಹೊಂಟಿತು ನೋಡ್ರಿ!"