ಜಿಲೇಬಿ ಕಾಯುವ ಕೆಲಸ

ದಣಿವಾರಿಸಿಕೊಳ್ಳಲೆಂದು ಮನೆ ಬಿಟ್ಟು ದೂರ ಹೋದವರು ಇನ್ನಷ್ಟು ದಣಿದೇ ವಾಪಸಾಗುತ್ತಾರೆ. ನಮ್ಮ ಸೋದರಮಾವ ತೀರ್ಥಯಾತ್ರೆಗೆ ಹೋಗಿ ಮೊಣಕಾಲು ನೋವು ತಂದರು. ನಾನು ಆಫ್ರಿಕಾಕ್ಕೆ ಹೋಗಿ ಮೀನು ಅಂಟಿಸಿಕೊಂಡೆ. ರಾಯದುರ್ಗದ ಜೀನ್ಸ್ ಯುನಿಟ್ಟಿನಲ್ಲಿ ಅರ್ಧ ಆಯುಷ್ಯ ಪ್ಯಾಂಟಿಗೆ ಜಿಪ್ಪು ಹಚ್ಚಿ ಬೇಸತ್ತಿದ್ದೆ. ಕಣ್ಣು ಮುಚ್ಚಿದರೂ ನೀಲಿಯೇ ಕಾಣುತ್ತಿತ್ತು. ಆಗಲೇ ಒಂದು ಸ್ವಯಂಸೇವಾ ಸಂಸ್ಥೆಯವರು, ಮಲಾವಿ ದೇಶದ ಹಳ್ಳಿಯೊಂದರಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಲು ಒಂದು ವರ್ಷದ ಮಟ್ಟಿಗೆ ಜನ ಬೇಕು ಎಂದರು. ನಮ್ಮೂರಿನ ಹುಡುಗರು ಹೊಲಿಗೆ ಮಿಷನ್ನು ಹುಡುಕಿಕೊಂಡು ಬಳ್ಳಾರಿ, ಬೆಂಗಳೂರು ಎಂದು ಬಸ್ಸು ಹತ್ತುತ್ತಿದ್ದ ಕಾಲ ಅದು. ನಾನು ಸ್ವಲ್ಪ ಹೆಚ್ಚೇ ದೂರ ಹೋದೆ. "ಹೋಗಿ ಬರ್ರಿ. ಇಲ್ಲಿದ್ದು ನನ್ನ ಮ್ಯಾಲೆ ಸಿಡಿಮಿಡಿ ಅನ್ನೋದಕಿಂತ ಅದು ಚಲೋ" ಎಂದಳು ಹೆಂಡತಿ ಗೌರಮ್ಮ.

ಅಲ್ಲಿ ಮಿಷನ್ನುಗಳಿದ್ದವು, ಕರೆಂಟು ಮಾತ್ರ ಮನಸ್ಸು ಬಂದಾಗ ಬರುತ್ತಿತ್ತು. ನಾನು ಆಕಳಿಸುತ್ತ ಕೂತಿದ್ದನ್ನು ಕಂಡು, ಮಹಿಳಾ ಸಂಘದ ಮುಖ್ಯಸ್ಥೆ ಗ್ರೇಸಮ್ಮ ಶಾಲೆಯ ಹಿಂದಿನ ಕೊಳಕ್ಕೆ ಕರೆದೊಯ್ದಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು ಆಕೆಯದು. ಶಾಲೆ ಮಕ್ಕಳ ಊಟಕ್ಕೆಂದು ಸಂಘದವರು ಅಲ್ಲಿ ಮೀನು ಸಾಕಿದ್ದರು. "ಟೀಚರ್, ಮಿಷನ್ನು ಓಡದಿದ್ದಾಗ ಇದನ್ನು ನೋಡಿಕೊಳ್ಳಿ" ಎಂದಳು. ನಮ್ಮದು ಲಿಂಗ ಕಟ್ಟಿದ ಮನೆತನ; ನನಗೆ ಗೊತ್ತಿದ್ದ ಮೀನೆಂದರೆ ಪಂಚಾಂಗದ ಮೀನರಾಶಿಯೊಂದೇ. ಆದರೆ ನಾನು ಮೀನಮೇಷ ಎಣಿಸುವಷ್ಟರಲ್ಲಿ ಮೆಕ್ಕೆಜೋಳದ ತೌಡಿನ ಬುಟ್ಟಿ ಕೈಗೆ ಬಂದಿತ್ತು. ಅವು ನಮ್ಮ ಕಡೆ ಸಂತೆಯಲ್ಲಿ ಜಿಲೇಬಿ ಎಂದು ಮಾರುವ ಮೀನು. ಗೌರಮ್ಮನಿಗೆ ಫೋನಿನಲ್ಲಿ ಮೀನೆಂದು ಹೇಳಲು ಧೈರ್ಯ ಸಾಲದೆ, "ಜಿಲೇಬಿ ನೋಡ್ಕೊಳ್ಳೋ ಕೆಲಸ" ಎಂದೆ. "ಶುಗರ್ ಐತಲ್ರಿ ನಿಮಗ! ಒಂದಾದ್ರೂ ಬಾಯಿಗೆ ಹಾಕ್ಕೊಂಡೀರಿ ಮತ್ತ!" ಎಂದು ಗದರಿದಳು. ಹಾಕಿಕೊಳ್ಳುವುದಿಲ್ಲ ಎಂದು ಆಣೆ ಮಾಡಿದೆ. ಅಷ್ಟು ನಿಜವಾದ ಆಣೆ ನಾನು ಹಿಂದೆಂದೂ ಮಾಡಿರಲಿಲ್ಲ.

ಕೊಳಕ್ಕೆ ಕೋಳಿಗೊಬ್ಬರ ಹಾಕಿದರೆ ನೀರು ಹಸಿರಾಗುತ್ತದೆ, ಆ ಹಸಿರೇ ಮೀನಿಗೆ ಮೇವು. ನೀರಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು, ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಬೇಕು, ಕಾಣದಿದ್ದರೆ ಸಾಕು. ನನಗೆ ಹಸಿರು ಸಾಲದೆನಿಸಿತು. ಬೆಂಗಾಡಿನವನಿಗೆ ಹಸಿರು ಎಂದಾದರೂ ಸಾಕೆನಿಸೀತೇ? ಇನ್ನೆರಡು ಚೀಲ ಸುರಿದೆ. ಕೆಲವು ದಿನ ಕಳೆದು ಬೆಳಗ್ಗೆ ಹೋಗಿ ನೋಡಿದರೆ, ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿವೆ. ನನ್ನ ಗುರುತು ಹಿಡಿದುಬಿಟ್ಟವಲ್ಲ ಎಂದು ನನಗೆ ಸಂತೋಷವಾಯಿತು. ತೌಡು ಎರಚಲು ಕೈಯೆತ್ತಿದೆ. ಹಿಂದಿನಿಂದ ಗ್ರೇಸಮ್ಮ ಕಿರುಚಿದಳು: "ಬೇಡ ಟೀಚರ್! ಗೊಬ್ಬರ ಹೆಚ್ಚಾಗಿ ಅವಕ್ಕೆ ಉಸಿರು ಸಿಗುತ್ತಿಲ್ಲ!"

ಹೆಂಗಸರೆಲ್ಲ ಬಕೆಟ್ಟು ಹಿಡಿದು ಓಡಿ ಬಂದರು. ಪಕ್ಕದ ಹಳ್ಳದಿಂದ ಹೊಸ ನೀರು ಹೊತ್ತು ಸುರಿದೇ ಸುರಿದರು. ನಾನು ಸೊಂಟಮಟ್ಟದ ನೀರಿಗಿಳಿದು, ಗಾಳಿ ಬೆರೆಯಲಿ ಎಂದು ಮರದ ಕೊಂಬೆಯಿಂದ ನೀರು ಬಡಿಯುತ್ತ ನಿಂತೆ. ರಾಯದುರ್ಗದಲ್ಲಿ ಟ್ಯಾಂಕರ್ ಬಂದಾಗ ಒಂದು ಕೊಡಕ್ಕಾಗಿ ಜಗಳವಾಡಿದ ನಾನು, ಅಲ್ಲಿ ಅಷ್ಟು ನೀರಿಗೆ ಏಟು ಕೊಡುತ್ತಿದ್ದೆ. ಕೆಲವು ಮೀನು ಕಣ್ಣೆದುರೇ ಹೊಟ್ಟೆ ಮೇಲಾಗಿ ತೇಲಿದವು. ಮಕ್ಕಳ ತಟ್ಟೆ ನೆನಪಾಗಿ, ಎಂದೂ ಮೀನು ಮುಟ್ಟದವನು ಮೀನಿಗಾಗಿ ಅತ್ತೆ. ಮಧ್ಯಾಹ್ನದ ಹೊತ್ತಿಗೆ ಉಳಿದವು ತಳಕ್ಕೆ ಇಳಿದವು. ನಾನು ದಡಕ್ಕೆ ಬಂದು ಬಿದ್ದೆ. ಬೈಯುತ್ತಾಳೆ ಎಂದುಕೊಂಡರೆ, ಗ್ರೇಸಮ್ಮ ಒಂದು ಲೋಟ ಟೀ ತಂದು ಕೊಟ್ಟಳು.

ನನ್ನ ವರ್ಷ ಮುಗಿಯುವ ಹೊತ್ತಿಗೆ ಮೀನು ಹಿಡಿಯುವ ದಿನ ಬಂತು. ಮಕ್ಕಳು ಕೈಬೆರಳು ಚೀಪುತ್ತ ಉಂಡರು. ನಾನು ಬೀನ್ಸು ತಿಂದೆ. ಸಂಘದವರು ಸಭೆ ಸೇರಿ, ಇನ್ನೊಂದು ವರ್ಷ ಉಳಿದು ಕೊಳ ನೋಡಿಕೊಳ್ಳಬೇಕೆಂದು ಕೇಳಿದರು. ಬಲೆ ಎಳೆದು ಮೈಕೈಯೆಲ್ಲ ನೋಯುತ್ತಿದ್ದರೂ ಎದೆ ಉಬ್ಬಿತು. "ನನ್ನ ಕೆಲಸ ಅಷ್ಟು ಹಿಡಿಸಿತೇ?" ಎಂದೆ. ಗ್ರೇಸಮ್ಮ ಹೊಟ್ಟೆ ಹಿಡಿದು ನಕ್ಕಳು. "ಕೆಲಸವಲ್ಲ ಟೀಚರ್. ಮೊದಲಿದ್ದ ಕಾವಲುಗಾರರೆಲ್ಲ ದಿನಾ ಸಂಜೆ ಒಂದೊಂದು ಸುಟ್ಟು ತಿನ್ನುತ್ತಿದ್ದರು. ಇಡೀ ಊರಲ್ಲಿ ಮೀನು ತಿನ್ನದವರು ನೀವೊಬ್ಬರೇ!"

ಗೌರಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮೀನೆಂದು ಕೇಳಿ ಮೊದಲು ಶಿವಶಿವಾ ಎಂದಳು. ಆಮೇಲೆ ಆ ತುದಿಯಲ್ಲೂ ಅದೇ ನಗು. "ಇರ್ರಿ, ಇರ್ರಿ. ಯುನಿಟ್ನ್ಯಾಗ ನಿಮ್ಮನ್ನ ಯಾರಾದ್ರೂ ಇರು ಅಂದಿದ್ರೇನು?"

ಉಳಿದೆ. ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯಾರ್ಹತೆ ಎಂದು ಈ ಜಗತ್ತಿನಲ್ಲಿ ಒಂದೂರಾದರೂ ಒಪ್ಪಿತಲ್ಲ.